ಅಂಗೈಯ ತೀರ್ಥ

ವೈಶಾಖದಲ್ಲಿ ಜಯಲಕ್ಷ್ಮಿಯ ಮದುವೆಯಾಯಿತು. ನೆಂಟರ ಗಲಾಟೆಯ ನಡುವೆ ಕೆಲವು ವಾರ ಪೆರಂಬೂರಿನ ಗಂಡನ ಮನೆಯಲ್ಲಿದ್ದು, ಆಷಾಢಕ್ಕೆ ಸೇಲಂನ ತವರಿಗೆ ಹೋಗಿ, ಶ್ರಾವಣ ಹುಟ್ಟಿದ ಮೇಲೆ ಮರಳಿ ಬಂದಳು. ಗಂಡ ತಿರುಮಲ ರೈಲು ಡಬ್ಬಿ ಕಾರ್ಖಾನೆಯ ಆಫೀಸಿನಲ್ಲಿದ್ದ. ಕಾರ್ಖಾನೆಯ ಬೆಳಗಿನ ಸೈರನ್ನು, ಅಲ್ಲಿಯವರ ಮಾತಿನಲ್ಲಿ ಸಂಗು, ಕೂಗುವ ಮೊದಲೇ ಸೈಕಲ್ ಹತ್ತಿಬಿಡುತ್ತಿದ್ದ. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ರಿಟೈರಾದ ಮಾವ ಪಂಢರಿನಾಥ ರಾಯರು, ಅತ್ತೆ ಗೋದಾಬಾಯಿ, ಕಾಲೇಜಿಗೆ ಹೊರಡುವ ಆತುರದಲ್ಲಿರುವ ನಾದಿನಿ ಸೀತಾ.

ಪೂಜೆ ಮುಗಿಸಿ ರಾಯರು ತೀರ್ಥ ಕೊಡುತ್ತಿದ್ದರು. ಪುಟ್ಟ ಬೆಳ್ಳಿಯ ಉದ್ಧರಣೆಯಿಂದ ಒಬ್ಬೊಬ್ಬರ ಅಂಗೈಗೆ ತುಳಸಿ, ಏಲಕ್ಕಿ, ಪಚ್ಚಕರ್ಪೂರ ಬೆರೆತ ಒಂದಿಷ್ಟು ನೀರು. ಜಯಲಕ್ಷ್ಮಿ ಮೊದಲ ದಿನ ಅದನ್ನು ಬಾಯಿಗೆ ಹಾಕಿಕೊಂಡವಳೇ ಸೆರಗನ್ನು ತುಟಿಗೆ ಒತ್ತಿ ಹಿತ್ತಿಲಿಗೆ ಓಡಿದಳು. ಹೊಟ್ಟೆಯಲ್ಲಿದ್ದದ್ದೆಲ್ಲ ಕಿತ್ತುಕೊಂಡು ಬಂದಂತೆ ಓಕರಿಕೆ. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಮಿಕ್ಕ ಹೊತ್ತಿನಲ್ಲಿ ಚೆನ್ನಾಗಿಯೇ ಇರುತ್ತಿದ್ದಳು, ಹಸಿವೂ ಇತ್ತು.

ಗೋದಾಬಾಯಿಯವರ ಮುಖ ಅರಳಿತು. ಪಂಚಾಂಗ ತೆಗೆದು ಬೆರಳು ಮಡಚಿದರು.

"ಜಯಾ, ಇನ್ನು ನೀನು ಕೊಡ ಎತ್ತಬೇಡ."

"ಯಾಕತ್ತೆ?"

"ಯಾಕಂತೆ! ಕೇಳ್ತಾಳೆ ನೋಡು, ಪಾವಂ, ಏನೂ ತಿಳೀದ ಕೂಸು."

ಅಂದಿನಿಂದ ಎಲೆಯ ಕೊನೆಯಲ್ಲಿ ನೆಲ್ಲಿಕಾಯಿ, ಮಾವಿನಶುಂಠಿಯ ಉಪ್ಪಿನಕಾಯಿ ಬರತೊಡಗಿದವು. ತಿರುಮಲ ಸೈಕಲ್ಲಿನ ಹ್ಯಾಂಡಲ್ಲಿಗೆ ಕಿತ್ತಳೆಯ ಚೀಲ ತೂಗಿಹಾಕಿಕೊಂಡು ಬಂದು, ಯಾರಿಗೆಂದು ಹೇಳದೆ ಮೇಜಿನ ಮೇಲಿಟ್ಟು ಹೋದ. ಜಯಲಕ್ಷ್ಮಿಗೆ ಅನುಮಾನವಿತ್ತು, ತವರಿನಲ್ಲಿದ್ದಾಗ ಒಂದು ದಿನ ಸ್ವಲ್ಪ ಹೊರಗಾದ ಹಾಗಿತ್ತು. ಆದರೆ ತಾಯಿಯಿಲ್ಲದ ಹುಡುಗಿ ಯಾರನ್ನು ಕೇಳಬೇಕು? ಇಷ್ಟು ಜನ ಇಷ್ಟು ಸಂತೋಷಪಡುವಾಗ ಇರಬಹುದೇನೋ ಎಂದು ಅವಳಿಗೂ ಅನ್ನಿಸಿತು. ಅನ್ನಿಸಿದ ಮೇಲೆ ಒಬ್ಬಳೇ ಇದ್ದಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೂ ನೋಡಿದಳು.

ಶ್ರಾವಣದ ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಹೊರಗಾದಳು.

ಮುಚ್ಚಿಡುವ ಮಾತೇ ಇರಲಿಲ್ಲ. ಆ ಮನೆಯಲ್ಲಿ ಹೊರಗಾದವರು ಹಿತ್ತಿಲ ಪಕ್ಕದ ಕೋಣೆಯಲ್ಲಿ ದೂರ ಕೂರಬೇಕು. ಯಾರನ್ನೂ ಮುಟ್ಟುವಂತಿಲ್ಲ, ಅಡಿಗೆಮನೆಯ ಕಡೆ ಸುಳಿಯುವಂತಿಲ್ಲ. ಜಯಲಕ್ಷ್ಮಿ ಅಂಗಳದಲ್ಲಿ ನಿಂತು, ಮಡಿಯುಟ್ಟು ಅಡಿಗೆ ಮಾಡುತ್ತಿದ್ದ ಅತ್ತೆಗೆ ಕೇಳುವಷ್ಟೇ ದನಿಯಲ್ಲಿ ಹೇಳಿದಳು.

ಒಳಗೆ ಸೌಟಿನ ಸದ್ದು ನಿಂತಿತು.

"ಹಾಗಿದ್ರೆ ದಿನಾ ಆಗ್ತಿದ್ದದ್ದು ಏನೇ ಅದು?"

"ಗೊತ್ತಿಲ್ಲ ಅತ್ತೆ."

"ಊಟ ಸೇರತ್ತೆ, ಕಾಫಿ ಸೇರತ್ತೆ. ನಮ್ಮನೆ ಸಾಲಿಗ್ರಾಮದ ತೀರ್ಥ ಮಾತ್ರ ಸೇರಲ್ಲ!" ಆಸೆ ಮುರಿದ ನೋವೆಲ್ಲ ಆ ದನಿಯಲ್ಲಿತ್ತು. "ಇನ್ನೇನು ಗೌರಿ ಹಬ್ಬ ಬಂತು. ತೀರ್ಥ ಕಂಡ್ರೆ ಓಡೋ ಸೊಸೆ ಕೈಲಿ ಗೌರಿ ಪೂಜೆ ಹೇಗೆ ಮಾಡಿಸ್ಲಿ ನಾನು? ಈ ಸಲ ನೀನು ದೇವರ ಮನೆಗೇ ಬರಬೇಡ ಬಿಡು."

ಮದುವೆಯಾದ ಮೇಲಿನ ಮೊದಲ ಗೌರಿಯನ್ನು ಸೊಸೆಯ ಕೈಯಲ್ಲಿ ಪೂಜೆ ಮಾಡಿಸದಿದ್ದರೆ ಅವಳನ್ನು ಮನೆಯವಳೆಂದು ಎಣಿಸಲಿಲ್ಲವೆಂದೇ ಅರ್ಥ. ಜಯಲಕ್ಷ್ಮಿ ಕೋಣೆಗೆ ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ತನ್ನ ಮೈ ತನ್ನ ಮಾತು ಕೇಳದೆ ತನ್ನನ್ನು ಹೀಗೆ ಕೆಟ್ಟವಳನ್ನಾಗಿ ಮಾಡಿತಲ್ಲ ಎಂದು ಅಳು ಬಂತು.

ಮಧ್ಯಾಹ್ನ ಸೀತಾ ಕಾಲೇಜಿನಿಂದ ಬಂದು, ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಿನ ಆಚೆ ಕೂತಳು. ಬಿ.ಎ.ಯಲ್ಲಿ ಅವಳದು ಮನಶ್ಶಾಸ್ತ್ರ. ಈಚೆಗೆ ಮನೆಯ ಬೆಕ್ಕನ್ನೂ ಬಿಡದೆ ಪರೀಕ್ಷಿಸುತ್ತಿದ್ದಳು.

"ಅತ್ತಿಗೆ, ಅಳಬೇಡಿ. ಇದಕ್ಕೆಲ್ಲ ಕಾರಣ ಇರತ್ತೆ. ರಷ್ಯಾದಲ್ಲಿ ಒಬ್ಬ ಡಾಕ್ಟರು ನಾಯಿಗೆ ಊಟ ಹಾಕೋವಾಗೆಲ್ಲ ಸದ್ದು ಮಾಡ್ತಿದ್ರಂತೆ. ಅಪ್ಪುರಂ, ಆಮೇಲಾಮೇಲೆ, ಊಟ ಇಲ್ದಿದ್ರೂ ಸದ್ದು ಕೇಳಿದ್ರೆ ಸಾಕು, ನಾಯಿಗೆ ಜೊಲ್ಲು. ನಿಮಗೂ ಹಾಗೇ—"

"ಭೇಷ್!" ಅಂಗಳದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಗೋದಾಬಾಯಿ ಅಂದರು. "ಕಾಲೇಜಿಗೆ ಕಳಿಸಿದ್ದಕ್ಕೆ ಅತ್ತಿಗೇನ ನಾಯಿ ಮಾಡ್ಬಿಟ್ಟೆ."

"ಅಮ್ಮಾ, ಸುಮ್ನಿರು. ಅತ್ತಿಗೆ ಅಮ್ಮ ಕಾಯಿಲೆ ಮಲಗಿದ್ದಾಗ ಮನೇಲಿ ಕರ್ಪೂರದ ವಾಸನೆ ಇತ್ತೇನೋ, ಅದು ಮನಸ್ಸಲ್ಲಿ ಕೂತಿರತ್ತೆ. ಅಪ್ಪ ಪಚ್ಚಕರ್ಪೂರ ಹಾಕೋದು ಬಿಟ್ರೆ ಸರಿಹೋಗತ್ತೆ."

ಪಡಸಾಲೆಯ ಈಸಿ ಚೇರಿನಿಂದ ರಾಯರ ಮೆಲುದನಿ ಬಂತು. "ನಾಗರಪಂಚಮಿಯಿಂದಲೇ ಹಾಕ್ತಿಲ್ಲಮ್ಮ."

ತಾಯಿ ಮಗಳಿಬ್ಬರೂ ಆ ಕಡೆ ತಿರುಗಿದರು.

"ಹುಡುಗಿ ಒದ್ದಾಡೋದು ನೋಡಿ ನಿಲ್ಲಿಸ್ದೆ. ಆಮೇಲೆ ಏಲಕ್ಕೀನೂ ಬಿಟ್ಟೆ. ಈಗ ಬರೀ ತುಳಸಿ, ನೀರು. ಆದ್ರೂ ನಿಲ್ಲಲಿಲ್ಲ."

"ಅದಕ್ಕೇ ತೀರ್ಥ ಸಪ್ಪೆ ಸಪ್ಪೆ!" ಎಂದರು ಗೋದಾಬಾಯಿ. "ನನಗೊಂದು ಮಾತು ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ಇವಳಿಗೆ ನಾಚಿಕೆ ಆಗ್ತಿತ್ತು."

ಸೀತಾ ಸಪ್ಪಗಾದಳು. ವಾಸನೆಯಿಲ್ಲದ ಮೇಲೂ ಓಕರಿಕೆ ಬಂದದ್ದು ಹೇಗೆಂದು ಅವಳಿಗೆ ಹೊಳೆಯಲಿಲ್ಲ. ಗೋದಾಬಾಯಿಯ ಕೈ ಮಾತ್ರ ಬತ್ತಿಯ ಮೇಲೆ ನಿಂತುಹೋಯಿತು. ಸಾವು ಕಂಡ ಮನೆಗಳಲ್ಲಿ ಎಷ್ಟೋ ಸಲ ಕೂತು ಬಂದ ಹೆಂಗಸು ಅವರು. ಗೋಡೆಗೆ ತಿರುಗಿದ್ದ ಸೊಸೆಯ ಬೆನ್ನನ್ನು ನೋಡಿ ಕೇಳಿದರು.

"ಜಯಾ, ನಿಮ್ಮಮ್ಮನಿಗೆ ಕೊನೇಲಿ ತೀರ್ಥ ಬಿಟ್ಟೋರು ಯಾರೇ?"

ಅವಳು ಇತ್ತ ತಿರುಗಲಿಲ್ಲ.

"ನಾನೇ," ಎಂದಳು ಜಯಲಕ್ಷ್ಮಿ.

ಆ ದಿನದ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಸೇಲಂನಲ್ಲಿ ಅಮ್ಮನಿಗೆ ವಿಷಮಶೀತಜ್ವರ. ಅಪ್ಪ ತಮ್ಮಿಂದಾಗದೆಂದು ಉದ್ಧರಣೆಯನ್ನು ಅವಳಿಗೆ ಕೊಟ್ಟು 'ನೀನೇ ಬಿಡಮ್ಮ' ಅಂದಿದ್ದರು. ಅವಳು ಬಿಟ್ಟಳು. ನೀರು ತುಟಿಯ ಅಂಚಿನಿಂದ ಹರಿದು ಕಿವಿಯ ಹಿಂದೆ ಇಳಿಯಿತು. ಇನ್ನೊಂದು ಬಿಟ್ಟಳು. ಹಿಂದಿದ್ದವರು 'ಹೋದಳು' ಎಂದರು. ಮಗಳ ಕೈಯ ತೀರ್ಥ ಸಿಕ್ಕಿದ ಪುಣ್ಯವಂತೆ ಎಂದು ಎಲ್ಲರೂ ಹೇಳಿದರು. ಆಮೇಲೆ ಅಪ್ಪ ಪೂಜೆಯನ್ನು ಮಠದಲ್ಲಿ ಮುಗಿಸಿಕೊಂಡು ಬರುತ್ತಿದ್ದರು. ಮದುವೆಯ ನಂತರ ಇಲ್ಲಿದ್ದ ಆ ಕೆಲವು ವಾರವೂ ಪೂಜೆಯ ಹೊತ್ತಿಗೆ ಅವಳಿಗೆ ಏನಾದರೂ ಕೆಲಸ ಬಂದೇ ಬರುತ್ತಿತ್ತು. ತಾನೇ ಹುಡುಕಿಕೊಂಡು ಹೋಗುತ್ತಿದ್ದೇನೆಂಬುದು ಅವಳಿಗೇ ತಿಳಿದಿರಲಿಲ್ಲ.

"ಅಮ್ಮನಿಗೆ ಉಸಿರಿತ್ತು ಅತ್ತೆ. ನಾನು ನೀರು ಬಿಟ್ಟೆ, ತುಟಿಯಿಂದ ಹರಿದು ಹೊರಗೆ ಬಂತು. ಇನ್ನೊಂದು ಬಿಟ್ಟೆ, ಗಂಟಲಿಗೆ ಸಿಕ್ಕೊಳ್ತೇನೋ. ನಾನು ಬಿಡದೆ ಇದ್ದಿದ್ರೆ..."

ಸೀತಾ ತಲೆ ತಗ್ಗಿಸಿಕೊಂಡಳು.

"ಅಯ್ಯೋ ಹುಚ್ಚುಮುಂಡೇದೆ," ಎಂದರು ಗೋದಾಬಾಯಿ. "ಹರಿದು ಹೊರಗೆ ಬಂತು ಅಂತ ನೀನೇ ಹೇಳ್ತಿದ್ದೀಯ. ನುಂಗೋ ಶಕ್ತಿ ಇದ್ದಿದ್ರೆ ಒಳಗೆ ಹೋಗ್ತಿತ್ತು. ಹೊರಗೆ ಬಂತು ಅಂದ್ರೆ ನೀನು ಬಿಡೋ ಹೊತ್ತಿಗೆ ಅವರು ಆಗಲೇ ಹೊರಟಿದ್ರು ಮಗೂ. ನಮ್ಮತ್ತೆಗೆ ನಾನು ಬಿಟ್ಟಾಗ್ಲೂ ಹಾಗೇ ಹರೀತು. ಯಾರನ್ನ ಬೇಕಾದ್ರೂ ಕೇಳು."

ಜಯಲಕ್ಷ್ಮಿ ಮೊದಲ ಸಲ ಇತ್ತ ತಿರುಗಿದಳು. ಆ ಮಾತನ್ನು ನಂಬಲು ಅವಳಿಗೆ ಆಸೆ, ನಂಬಲು ಭಯ. ಎರಡೂ ಮುಖದ ಮೇಲಿದ್ದವು.

ಗೋದಾಬಾಯಿ ಹತ್ತಿಯನ್ನು ಮೊರದಲ್ಲಿಟ್ಟು ಎದ್ದರು. ಹೊಸ್ತಿಲು ದಾಟಿ ಒಳಗೆ ಹೋಗಿ, ಚಾಪೆಯ ಮೇಲೆ ಕೂತು, ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡರು.

"ಅಮ್ಮಾ, ಮಡಿ!" ಎಂದಳು ಸೀತಾ ಗಾಬರಿಯಾಗಿ.

"ಹಂಡೇಲಿ ನೀರಿದೆ, ನನಗೆ ತಲೆ ಇದೆ. ಸ್ನಾನ ಮಾಡಿದ್ರಾಯ್ತು. ನೀನು ಹೋಗಿ ಕಾಫಿಗೆ ಇಡು."

ಆ ಮಧ್ಯಾಹ್ನ ಅವರು ತಣ್ಣೀರಿನಲ್ಲಿ ಇನ್ನೊಮ್ಮೆ ತಲೆಗೆ ಸ್ನಾನ ಮಾಡಿ, ಸಂಜೆಯೆಲ್ಲ ಸೀನುತ್ತಾ ಓಡಾಡಿದರು. ಮಳೆಗಾಲದ ಹವೆಯೇ ಸರಿಯಿಲ್ಲ ಎಂದು ಗಂಡನಿಗೆ ಹೇಳಿದರು. ರಾಯರು ಹೌದೌದು ಎಂದರು.

ಸ್ನಾನ ಮಾಡಿ ಒಳಗೆ ಬಂದ ದಿನ ಜಯಲಕ್ಷ್ಮಿ ಪೂಜೆಯ ಹೊತ್ತಿಗೆ ಕಂಬದ ಪಕ್ಕದಲ್ಲಿ ನಿಂತಳು. ರಾಯರು ಉದ್ಧರಣೆಯನ್ನು ಅವಳತ್ತ ಚಾಚಲಿಲ್ಲ. ತುಳಸಿದಳವನ್ನು ತೀರ್ಥದಲ್ಲಿ ಅದ್ದಿ ಅವಳ ತಲೆಯ ಮೇಲೆ ಚಿಮುಕಿಸಿದರು.

"ಇದೂ ತೀರ್ಥಾನೇಮ್ಮ. ಹೊರಗಿಂದ ತಗೊಂಡ್ರೂ ದೇವರಿಗೆ ಗೊತ್ತಾಗತ್ತೆ."

ಹಾಗೇ ದಿನಗಳು ಕಳೆದವು. ಎದೆ ಮೊದಮೊದಲು ಡವಗುಟ್ಟುತ್ತಿತ್ತು. ಬರಬರುತ್ತಾ ಹಣೆಯ ಮೇಲಿನ ಹನಿಗಳ ತಂಪಷ್ಟೇ ಅವಳಿಗೆ ತಿಳಿಯತೊಡಗಿತು.

ಗೌರಿಯ ದಿನ ಗೋದಾಬಾಯಿ ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೇ ಕೂತು, ಒಂದೊಂದಾಗಿ ಹೇಳಿಕೊಟ್ಟು ಪೂಜೆ ಮಾಡಿಸಿದರು. ತೀರ್ಥದ ಹೊತ್ತು ಬಂತು. ರಾಯರು ತುಳಸಿದಳ ತೆಗೆದುಕೊಂಡರು.

"ಕೈಗೇ ಬಿಡಿ ಮಾವ," ಎಂದಳು ಜಯಲಕ್ಷ್ಮಿ, ಅಂಗೈ ಬಟ್ಟಲಾಗಿಸಿ.

ರಾಯರು ತುಳಸಿದಳವನ್ನು ಕೆಳಗಿಟ್ಟು, ಉದ್ಧರಣೆಯಿಂದ ಸ್ವಲ್ಪವೇ ಬಿಟ್ಟರು. ಅವಳು ಕೈಯನ್ನು ತುಟಿಯ ಹತ್ತಿರ ತಂದಳು. ಕಣ್ಣು ತುಂಬಿತು. ತಾಯಿಯ ಮುಖ ಬಂತು, ಕಿವಿಯ ಹಿಂದೆ ಇಳಿದ ನೀರು ಬಂತು. ಅವರು ಆಗಲೇ ಹೊರಟಿದ್ರು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಗುಟುಕರಿಸಿದಳು. ಅರ್ಧ ಒಳಗೆ ಹೋಯಿತು, ಅರ್ಧ ಬಳೆಗಳ ಮೇಲಿಂದ ಮೊಣಕೈಗೆ ಹರಿಯಿತು.

ಯಾರೂ ಅವಳತ್ತ ನೋಡಲಿಲ್ಲ. ತಿರುಮಲ ಗಂಟೆಯನ್ನು ಒರೆಸುತ್ತಿದ್ದ, ಸೀತಾ ಚಾವಣಿ ನೋಡುತ್ತಿದ್ದಳು, ಗೋದಾಬಾಯಿ ಉರಿಯುತ್ತಿದ್ದ ದೀಪದ ಬತ್ತಿಯನ್ನು ಸುಮ್ಮಸುಮ್ಮನೆ ಮುಂದಕ್ಕೆ ದೂಡುತ್ತಿದ್ದರು. ಎಲ್ಲರೂ ಎಷ್ಟು ಕಷ್ಟಪಟ್ಟು ನೋಡದೆ ಇದ್ದಾರೆಂದು ಜಯಲಕ್ಷ್ಮಿಗೆ ತಿಳಿದು, ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.