ಎರಡು ತಿಂಗಳಿಗೆಂದು ತಂದ ನಾಯಿ

ಬೀರುವಿನ ಬಾಗಿಲಿಗೆ ಬಾಲ ಬಡಿಯುತ್ತಿದೆ, ಟಪ್, ಟಪ್, ನಿಂತು ಮತ್ತೆ ಟಪ್ — ಹಾಗಾದರೆ ಆರೂವರೆ, ನಾನು ಎಚ್ಚರಾಗಿದ್ದೇನೆಂದು ಜೋಳನಿಗೆ ಗೊತ್ತಾಗಿದೆ, ನನಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಹಾಲ್‌ನಲ್ಲಿ ಚಾಪೆಗಳಿಲ್ಲ, ಬಚ್ಚಲಿನ ಮುಂದೆ ಸಾಲಿಲ್ಲ, ಯಾರೂ ಯಾರಿಗೂ ಪಿಸುಗುಟ್ಟುತ್ತಿಲ್ಲ, ನಿನ್ನೆ ಸಂಜೆ ಕೊನೆಯ ನೆಂಟರೂ ಹೋದರು, ಹದಿಮೂರು ದಿನ ಮುಗಿದವು, ಮುನೀಂದ್ರ ಹೋದ ಮೇಲೆ ಮೊದಲ ಸಲ ಬರೀ ಬೆಳಗಾಗಿದೆ, ಯಾವ ಶಾಸ್ತ್ರವೂ ಇಲ್ಲದ ಬೆಳಗು. ಕೆಳಗೆ ನೀರಿನ ಟ್ಯಾಂಕರ್ ಹಿಂದೆ ಬರುತ್ತಿದೆ, ತಿರುವಿನಲ್ಲಿ ಕಂಪನಿ ಬಸ್ಸು ಎರಡು ಸಲ ಹಾರ್ನ್ ಹಾಕಿ ನಿಲ್ಲುತ್ತದೆ, ಅವನಿಗಾಗಿ ನಿಲ್ಲುತ್ತಿದ್ದ ಬಸ್ಸು, ಡ್ರೈವರಿಗೆ ರೂಢಿ ತಪ್ಪಿಲ್ಲ, ಆಮೇಲೆ ನೆನಪಾಗಿರಬೇಕು, ಹೊರಟಿತು. ಅಳು ಬರಬಹುದೆಂದು ಕಾಯುತ್ತೇನೆ. ಬರುವುದಿಲ್ಲ. ಹಸಿವಾಗುತ್ತದೆ. ಡೆಂಗಿ, ಒಂಬತ್ತು ದಿನ, ಮೂವತ್ತೆರಡು ವರ್ಷದ ಗಂಡಸು, ಒಂಬತ್ತನೆಯ ದಿನವೂ ಪಕ್ಕದ ಮಂಚದವನ ಫೋನ್ ಚಾರ್ಜರನ್ನು ಇಸಕೊಂಡು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದ, ಅದನ್ನು ಹಿಂದಕ್ಕೆ ಕೊಟ್ಟವಳು ನಾನು, ದೇಹ ಇಳಿಸಿಕೊಳ್ಳುವ ಮೊದಲು — ಆ ಮನುಷ್ಯ ಕೈಮುಗಿದ, ಇರ್ಲಿ ಬಿಡಿ ಮೇಡಂ ಅಂದ. ಬೇಗೂರಿನಲ್ಲಿ ಅವನು ಏನನ್ನಾದರೂ ಇಸಕೊಂಡು ಬರದ ಮನೆಯೇ ಇರಲಿಲ್ಲ. ಹಲ್ಲು ಬಿಟ್ಟು ಕೇಳುತ್ತಿದ್ದ, ಕೊಟ್ಟವರೇ ಖುಷಿಯಾಗುವ ಹಾಗೆ ಕೇಳುತ್ತಿದ್ದ, ಆಮೇಲೆ ಮರೆಯುತ್ತಿದ್ದ, ಮರೆಯದೆ ಇದ್ದವಳು ನಾನು, ಏಣಿಯ ಮನೆಯವರು ಕಂಡರೆ ಅಡ್ಡರಸ್ತೆ, ಡ್ರಿಲ್ಲಿಂಗ್ ಮಶೀನಿನ ಮನೆಯವರು ಕಂಡರೆ ಇನ್ನೊಂದು ಅಡ್ಡರಸ್ತೆ, ಮದುವೆಯಾದ ಮೂರು ವರ್ಷದಲ್ಲಿ ಈ ಊರಿನ ಮುಖ್ಯ ಬೀದಿಯಲ್ಲಿ ನಾನು ನೆಟ್ಟಗೆ ನಡೆದಿಲ್ಲ. ಮಾತಾಡಿಸಲು ಬಂದವರು ಹೋಗುವಾಗ ಬಾಗಿಲಲ್ಲಿ ತಡೆದು ನಿಲ್ಲುತ್ತಿದ್ದರು, ಆವಲಪ್ಪ ಚಪ್ಪಲಿ ಮೆಟ್ಟಿಕೊಂಡು, ಮತ್ತೆ ಬಿಚ್ಚಿ, ಅರ್ಜೆಂಟೇನಿಲ್ಲ ಅಕ್ಕ, ಟೆರೇಸಲ್ಲಿ ನೀರ್ ನಿಂತೈತೆ, ಏಣಿ ಇದ್ದಿದ್ರೆ ಅಂತ — ತಗೊಂಡು ಹೋಗಿ ಆವಲಪ್ಪ, ಅಂದೆ, ನಾನೇ ಒಂದು ತುದಿ ಹಿಡಿದುಕೊಂಡೆ, ಸೂತಕದ ಮನೆಯಿಂದ ಏಣಿ ಇಳಿಯಿತು. ಡ್ರಿಲ್ಲಿಂಗ್ ಮಶೀನು ಹೋಯಿತು, ಕೇರಂ ಬೋರ್ಡು ಹೋಯಿತು, ದೊಡ್ಡ ಕುಕ್ಕರ್ ಹೋಯಿತು, ಒಂದೊಂದು ಹೋದಾಗಲೂ ಗೋಡೆಯ ಮೇಲೆ ಒಂದೊಂದು ಬಿಳಿ ಜಾಗ ಕಾಣಿಸಿತು, ನಾನು ನಿಂತು ಆ ಜಾಗವನ್ನೇ ನೋಡುತ್ತಿದ್ದೆ, ಪಾಪ ಅನ್ನುತ್ತಿದ್ದರು ಹೆಂಗಸರು, ಕಲ್ಲಾಗ್ಬಿಟ್ಟಿದಾಳೆ. ಕಲ್ಲಾಗಿರಲಿಲ್ಲ. ಉಸಿರಾಡುತ್ತಿದ್ದೆ.

ಜೋಳನಿಗೆ ತಟ್ಟೆ ಇಡುತ್ತೇನೆ, ಅದು ತಟ್ಟೆ ನೋಡುವುದಿಲ್ಲ, ನನ್ನನ್ನು ನೋಡುತ್ತದೆ, ಎರಡು ಸಲ ಚಪ್ಪಾಳೆ ತಟ್ಟಿದರೆ ತಿನ್ನಬಹುದು, ಅದು ನಮ್ಮಿಬ್ಬರ ಒಪ್ಪಂದ, ಪದ್ಮಾವತಿ ಮೇಡಂ ಮೊದಲ ದಿನವೇ ಹೇಳಿದ್ದರು, ಇರು ಅಂದಮೇಲೆ ಬಿಡಿಸೋದು ನಿಮ್ಮ ಕೆಲಸ, ನೀವು ಮರೆತ್ರೆ ನಾಯಿ ಮರೆಯಲ್ಲ. ಎಲೆಕ್ಟ್ರಾನಿಕ್ ಸಿಟಿಯ ಆಚೆ ನೀಲಗಿರಿ ತೋಪಿನ ಪಕ್ಕ ಅವರ ಮೈದಾನ, ಎಂಟು ತಿಂಗಳ ಕೋರ್ಸು, ಶನಿವಾರ ಭಾನುವಾರ, ಕೊನೆಯಲ್ಲಿ ಪರೀಕ್ಷೆ, ಪಾಸಾದರೆ ನಾಯಿ ತರಬೇತುದಾರಳೆಂದು ಪ್ರಮಾಣಪತ್ರ. ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಓದುವಾಗ ಲ್ಯಾಬಿನಲ್ಲಿ ಇಲಿಗಳಿಗೆ ಕಾಳಿಗಾಗಿ ಸನ್ನೆಕೋಲು ಒತ್ತುವುದನ್ನು ಕಲಿಸಿದ್ದೆ, ಆಮೇಲೆ ನಾಲ್ಕು ವರ್ಷ ಒಂದು ಕಂಪನಿಯಲ್ಲಿ ಜನರನ್ನು ಸಂದರ್ಶನ ಮಾಡಿದೆ, ಇಲಿಗಳ ಜೊತೆಗಿದ್ದಾಗಿನ ನೆಮ್ಮದಿ ಅಲ್ಲಿ ಸಿಗಲಿಲ್ಲ, ಬಿಟ್ಟೆ. ನಾಯಿ ಬೇಕಲ್ಲ ಕೋರ್ಸಿಗೆ, ಎಂದು ಹೇಳಿದ ಮರುದಿನವೇ ಮುನೀಂದ್ರ ಬೈಕಿನ ಟ್ಯಾಂಕಿನ ಮೇಲೆ ಇದನ್ನು ಕೂರಿಸಿಕೊಂಡು ಬಂದ, ನಿನಗೋಸ್ಕರ ತಂದೆ ಕಣೇ, ಪೂರ್ತಿ ನಿಂದೇ — ಊರುನಾಯಿ, ಒಂದೂವರೆ ವರ್ಷ, ಎಡಗಿವಿಯ ತುದಿ ಯಾವಾಗಲೋ ಹರಿದದ್ದು, ನಮ್ಮ ಕಡೆಯ ಜೋಳದ ಬಣ್ಣ, ಅದಕ್ಕೇ ಜೋಳ. ಉಳಿದವರು ಲ್ಯಾಬ್ರಡಾರ್ ತಂದಿದ್ದರು, ಬೀಗಲ್ ತಂದಿದ್ದರು, ಏನ್ ಬ್ರೀಡ್ ಮೇಡಂ ಎಂದು ಕೇಳಿದ ಸಾಫ್ಟ್‌ವೇರಿನ ಹುಡುಗನಿಗೆ ಬೇಗೂರ್ ಬ್ರೀಡ್ ಅಂದೆ, ಅವನು ನಂಬಿದ. ಮೂರು ವರ್ಷದಲ್ಲಿ ಆ ಮನುಷ್ಯ ನನಗೆಂದು ತಂದ ಒಂದೇ ಒಂದು ಜೀವ, ಅದರ ಋಣಕ್ಕಾದರೂ ನಾನು ಅಳಬೇಕಿತ್ತು, ಹತ್ತು ದಿನ ಹಾಗೆಂದುಕೊಂಡೇ ಕೂತಿದ್ದೆ.

ಹನ್ನೊಂದನೆಯ ದಿನ ತಾರಸಿಯ ಮೇಲೆ ಎಡೆ ಇಟ್ಟರು, ಬಾಳೆಲೆಯಲ್ಲಿ ಮುದ್ದೆ, ಕೋಳಿಸಾರು, ಅವನು ಸೇದುತ್ತಿದ್ದ ಸಿಗರೇಟು, ಕಾಗೆ ಮುಟ್ಟಿದರೆ ಊಟ, ಮುಟ್ಟದಿದ್ದರೆ ಸತ್ತವನಿಗೆ ಏನೋ ಉಳಿದಿದೆ ಎಂದು ಅರ್ಥ. ಜೋಳ ಹಿಂದೆಯೇ ಹತ್ತಿ ಬಂದು ಎಲೆಗೆ ಮೂಗು ಚಾಚಿತು, ಇರು ಅಂದೆ, ಕೂತಿತು, ಅಷ್ಟರಲ್ಲಿ ಕೆಳಗಿನಿಂದ ಯಾರೋ ಕರೆದರು, ಇಳಿದೆ, ಯಾರದೋ ಕೈಗೆ ಲೋಟಗಳನ್ನು ಕೊಟ್ಟೆ, ಮರೆತೆ. ಮತ್ತೆ ಹತ್ತಿ ಬರುವಾಗ ಮುಕ್ಕಾಲು ಗಂಟೆ ಆಗಿತ್ತು. ಕಾಗೆಗಳು ಟ್ಯಾಂಕಿನ ಮೇಲೆ, ಡಿಶ್ ಆಂಟೆನಾದ ಮೇಲೆ ಸಾಲಾಗಿ ಕೂತಿದ್ದವು, ಒಂದೂ ಇಳಿಯಲಿಲ್ಲ, ನಲವತ್ತು ಜನ ಹಸಿದು, ಕಾಗೆಗಳನ್ನೇ ನೋಡುತ್ತ ಮೆಟ್ಟಿಲ ಮೇಲೆ ನಿಂತಿದ್ದರು. ಅತ್ತೆ ಮಾರಕ್ಕ ಎದೆ ಬಡಿದುಕೊಂಡರು, ನನ್ ಮಗಂಗೆ ಏನೋ ಆಸೆ ಉಳ್ಕಂಡೈತೆ. ಚಿಕ್ಕಮಾವ ಹನುಮಯ್ಯ ಆಕಾಶಕ್ಕೆ ಮುಖ ಮಾಡಿ, ನಿನ್ ಹೆಂಡ್ರುನ್ನ ನಾವ್ ನೋಡ್ಕೋತೀವಿ ಕಣಪ್ಪಾ, ಬಾ, ಒಂದ್ ತುತ್ತು ಮುಟ್ಟು. ಬರಲಿಲ್ಲ. ಸೈಟಿನ ಮನೆ ಅರ್ಧಕ್ಕೇ ನಿಲ್ಸಲ್ಲ ಕಣಪ್ಪಾ. ಬರಲಿಲ್ಲ. ಆಗ ಹಿಂದಿನಿಂದ ಒಬ್ಬ ಹೆಂಗಸು, ಇವ್ಳು ನಾಯಿ ಆಡಿಸ್ಕೊಂಡು ತಿರುಗೋದು ಅವಂಗೆ ಇಷ್ಟ ಇರ್ಲಿಲ್ವೇನೋ, ಬಿಡ್ತೀನಿ ಅಂತ ಅನ್ನವ್ವ, ಬಾಯ್ಬಿಟ್ಟು ಅನ್ನು, ಮಕ್ಳು ಹಸ್ಕಂಡವೆ — ನಲವತ್ತು ಮುಖ ನನ್ನ ಕಡೆ, ಅಂದುಬಿಡೋಣ ಎಂದು ಬಾಯಿ ತೆರೆದಿದ್ದೆ ಕೂಡ, ತೆರೆದವಳು ಜನರ ಭುಜಗಳ ನಡುವಿನಿಂದ ಕಂಡೆ, ಎಲೆಯಿಂದ ಒಂದು ಗೇಣು ದೂರದಲ್ಲಿ ಅದು ಕೂತೇ ಇತ್ತು, ಬೆನ್ನು ನೆಟ್ಟಗೆ, ಜೊಲ್ಲು ಇಳಿದು ಮುಂಗಾಲಿನ ಹತ್ತಿರ ಸಣ್ಣ ಕೆರೆ. ಪಾಪದ್ದು, ನಾನು ಬಿಡಿಸಿರಲಿಲ್ಲ. ತಿಥಿಯ ತಾರಸಿಯ ಮೇಲೆ ನಿಂತು ವಿಧವೆ ಎರಡು ಸಲ ಚಪ್ಪಾಳೆ ತಟ್ಟಿದಳು. ಅಯ್ಯೋ ದ್ಯಾವ್ರೇ ಅಂದರು ಯಾರೋ. ಜೋಳ ಎದ್ದು, ಮೈ ಕೊಡವಿ, ಎಲೆ ಬಿಟ್ಟು, ನನ್ನನ್ನು ದಾಟಿ ಮೆಟ್ಟಿಲಿಗೆ ಓಡಿತು, ಅಲ್ಲಿದ್ದ ಮುದುಕರೊಬ್ಬರ ಎದೆಗೆ ಎರಡೂ ಕಾಲು ಹಾಕಿ ಕುಣಿಯಿತು, ಏನ್ಲಾ ಕೆಂಚ, ಇಲ್ಲಿದ್ದೀಯೇನ್ಲಾ ಬಡ್ಡೆತ್ತದ್ದೆ, ಎಂದು ಅವರು ಅದರ ಮುಖ ಹಿಡಿದುಕೊಂಡರು, ಅತ್ತ ಕಾಗೆ ಇಳಿದಿತ್ತು, ಎಲ್ಲರೂ ಎಲೆಗಳ ಕಡೆ ನುಗ್ಗಿದ್ದರು, ಅದನ್ನು ನೋಡಿದವಳು ನಾನೊಬ್ಬಳೇ. ದೊಡ್ಡಮುನಿಯಪ್ಪ, ಕೆರೆಯ ಹಿಂದೆ ಹಸು ಕಟ್ಟಿಕೊಂಡು ಸೊಪ್ಪು ಬೆಳೆಯುವವರು. ಎರಡ್ ತಿಂಗ್ಳಿಗೆ ಅಂತ ಈಸ್ಕಂಡ್ ಬಂದಿದ್ರು ಕಣವ್ವ ನಿಮ್ ಯಜಮಾನ್ರು, ಅಂದರು ಮೆಲ್ಲಗೆ, ನನಗಿಂತ ಅವರಿಗೇ ನಾಚಿಕೆ, ಇರ್ಲಿ ಬುಡು, ಇಂಥ ಒತ್ನಲ್ಲಿ ಆ ಮಾತ್ಯಾಕೆ, ನಿನ್ ತಾವೇ ಇರ್ಲಿ. ಸಿಟ್ಟು ಬರಬೇಕಿತ್ತು. ಬದಲಿಗೆ ಭುಜ ಇಳಿಯಿತು, ಎಂಟು ತಿಂಗಳಿಂದ ಹೊತ್ತಿದ್ದನ್ನು ಯಾರೋ ಇಳಿಸಿಕೊಂಡ ಹಾಗೆ — ಅದೂ ಇಸಕೊಂಡು ಬಂದದ್ದೇ, ಅವನು ಕೊನೆಯವರೆಗೂ ಅವನೇ, ಇದಕ್ಕಾಗಿ ನಾನು ಅಳಬೇಕಾಗಿಲ್ಲ.

ಎಂಟೂವರೆ. ಹತ್ತಕ್ಕೆ ಪರೀಕ್ಷೆಯ ಕೊನೆಯ ಭಾಗ, ಒಪ್ಪಿಸುವುದು, ಅದು ಮಾಲೀಕರ ಮನೆಯಲ್ಲೇ ನಡೆಯಬೇಕು. ತರಬೇತುದಾರಳು ಕಲಿಸಿದ ನಾಯಿಯನ್ನು ಅದರ ಮಾಲೀಕರ ಕೈಗೆ ಕೊಟ್ಟು ಹತ್ತು ಹೆಜ್ಜೆ ಆಚೆ ನಿಲ್ಲಬೇಕು, ಹತ್ತು ನಿಮಿಷ ಮಾಲೀಕರು ಹೇಳಿದ್ದನ್ನು ಅದು ಮಾಡಬೇಕು, ಮಾಡುವಾಗ ತರಬೇತುದಾರಳ ಕಡೆ ಮೂರಕ್ಕಿಂತ ಹೆಚ್ಚು ಸಲ ತಿರುಗಿ ನೋಡಿದರೆ ಫೇಲು, ಮತ್ತೆ ಆರು ತಿಂಗಳು. ನಮ್ಮ ಕೈ ಸೇರೋ ನಾಯಿ ಎಲ್ಲಾ ಬೇರೆಯವರದ್ದೇ ಕಣ್ರೀ, ಅದು ನಮ್ಮನ್ನ ಬಿಟ್ಟು ಅವರನ್ನ ನೋಡೋ ಹಾಗೆ ಮಾಡೋದೇ ಕಸುಬು, ಎನ್ನುತ್ತಿದ್ದರು ಮೇಡಂ. ಆರು ತಿಂಗಳು ನನ್ನ ಬಳಿ ಇಲ್ಲ, ಹೊಸೂರು ರಸ್ತೆಯಲ್ಲಿ ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗದವರು ಪ್ರಮಾಣಪತ್ರ ತನ್ನಿ, ಒಂದನೇ ತಾರೀಕಿನಿಂದ ಬನ್ನಿ ಅಂದಿದ್ದಾರೆ, ಅದು ತಪ್ಪಿದರೆ ಮುಂದಿನ ವಾರ ಹನುಮಯ್ಯನವರು ನನ್ನನ್ನು ನೋಡಿಕೊಳ್ಳಲು ಶುರುಮಾಡುತ್ತಾರೆ, ಇಲ್ಲ ಬಾಗಲಕೋಟೆಯಿಂದ ಅವ್ವ ಫೋನಿನಲ್ಲಿ, ಸಾಕವಾ, ಮನೀಗಿ ಬಂದುಬಿಡು. ಅರ್ಜಿಯಲ್ಲಿ ಮಾಲೀಕರ ಹೆಸರು ಎಂಬಲ್ಲಿ ಮುನೀಂದ್ರ ಎಂದು ಬರೆದಿತ್ತು, ಅವನೇ ಬಂದು ನಿಲ್ಲುತ್ತೇನೆಂದಿದ್ದ. ನಿನ್ನೆ ಮೇಡಂ ಫೋನಿನಲ್ಲಿ, ಅತ್ತೆಯವರ ಹೆಸರು ಬರೀರಿ ಭಾಗ್ಯಶ್ರೀ, ಅವರು ಒಂದು ಹತ್ತು ನಿಮಿಷ ಹಗ್ಗ ಹಿಡಿದ್ರೆ ಆಯ್ತು, ನಾಯಿ ನಿಮ್ಮನೇಲೇ ಇರುತ್ತೆ. ಸುಲಭ. ಹಿಂದಕ್ಕೆ ಕೇಳಿದವರು ಯಾರೂ ಇಲ್ಲ, ಕೊಟ್ಟವರೇ ಇರಲಿ ಅಂದಿದ್ದಾರೆ, ಮಾಲೀಕರ ಹೆಸರು ಮಾರಕ್ಕ, ನಾಲ್ಕಕ್ಷರ ಕೂಡ ಅಲ್ಲ. ಅತ್ತೆ ಎದ್ದು ಬಾಗಿಲಿಗೆ ಒರಗಿದ್ದಾರೆ, ಪೆನ್ನು ಹಿಡಿದ ನನ್ನ ಕೈ ನೋಡುತ್ತಿದ್ದಾರೆ, ಎಲ್ಲ ಗೊತ್ತು ಇವರಿಗೆ, ಏನ್ ಬರೀತೀಯ ಬರ್ಕೊ, ನಾನ್ ಬಂದು ನಿಂತ್ಕೋತೀನಿ, ಅನ್ನುತ್ತಾರೆ, ಆಮೇಲೆ, ಆ ಗೌರಮ್ಮ ಹಾಲ್ ಹಾಕಕ್ಕೆ ಬಂದಾಗೆಲ್ಲಾ ನಮ್ಮನೆ ಗೇಟ್ ಒಳಕ್ಕೆ ಇಣುಕಿ ನೋಡ್ಕಂಡ್ ಓಗ್ತಿದ್ಲು ಕಣವ್ವ, ಯಾಕೆ ಅಂತ ನಾನು ಕೇಳ್ಳಿಲ್ಲ. ಗೌರಮ್ಮ, ದೊಡ್ಡಮುನಿಯಪ್ಪನವರ ಹೆಂಡತಿ. ಎಂಟು ತಿಂಗಳು ಇಣುಕಿದ್ದಾರೆ. ನಾನು ಅಡ್ಡರಸ್ತೆ ಹಿಡಿಯಬೇಕಾದ ಇನ್ನೊಂದು ಮನೆ ಇತ್ತು, ನನಗೆ ಗೊತ್ತೇ ಇರಲಿಲ್ಲ — ಬರೆದೆ, ದೊಡ್ಡಮುನಿಯಪ್ಪ, ಬೇಗೂರು ಕೆರೆ ಹಿಂಭಾಗ, ಒತ್ತಿ ಬರೆದದ್ದಕ್ಕೆ ಹಾಳೆಯ ಹಿಂದೆಯೂ ಮೂಡಿತು.

ಮುಖ್ಯ ಬೀದಿಯಲ್ಲೇ ನಡೆಯುತ್ತೇನೆ, ಹಗ್ಗ ಸಡಿಲವಾಗಿದೆ, ಜೋಳ ನಾಲ್ಕು ಹೆಜ್ಜೆಗೊಮ್ಮೆ ಮುಖ ಎತ್ತಿ ನನ್ನನ್ನು ನೋಡುತ್ತದೆ, ನಾನೇ ಕಲಿಸಿದ್ದು, ಒಂದೊಂದು ನೋಟಕ್ಕೂ ಬೇಯಿಸಿದ ಲಿವರಿನ ಒಂದೊಂದು ಚೂರು, ಎಂಟು ತಿಂಗಳಲ್ಲಿ ಎಷ್ಟು ಸಾವಿರ ನೋಟ, ಈಗ ಅದನ್ನೇ ಅಳಿಸಬೇಕು. ಡ್ರಿಲ್ಲಿಂಗ್ ಮಶೀನಿನ ಮನೆಯಾಕೆ ರಂಗೋಲಿಯಿಂದ ತಲೆಯೆತ್ತಿ, ತಿಂಡಿ ಆಯ್ತಾ ಅಕ್ಕ ಅಂದಳು, ಆಯ್ತು ಅಂದೆ, ನಿಂತು ಅಂದೆ. ಅಪಾರ್ಟ್‌ಮೆಂಟಿನ ಕಾಂಪೌಂಡ್ ಮುಗಿದಲ್ಲಿ ಕೊತ್ತಂಬರಿಯ ಮಡಿ, ಶೀಟಿನ ಕೊಟ್ಟಿಗೆ, ನಾನು ಫೋನಿನಲ್ಲಿ ಹೇಳಿದ ವಿಳಾಸಕ್ಕೆ ಮೇಡಂ ಆಗಲೇ ಬಂದು ಮೊಬೈಲಿನಲ್ಲಿ ವಿಡಿಯೊಗೆ ಬೆಳಕು ನೋಡುತ್ತಿದ್ದಾರೆ. ಹಗ್ಗವನ್ನು ದೊಡ್ಡಮುನಿಯಪ್ಪನವರ ಕೈಗೆ ಕೊಡುತ್ತೇನೆ, ಲಿವರಿನ ಚೀಲವನ್ನೂ ಕೊಡುತ್ತೇನೆ, ಇರು ಅಂತ ಒಂದೇ ಮಾತು ಹೇಳಿ ಯಜಮಾನ್ರೇ, ಬಿಡಿಸೋವಾಗ ಎರಡು ಚಪ್ಪಾಳೆ. ಅದೇನವ್ವ, ನಾಯಿನ ಕರೆಯಕ್ಕೆ ಭಜನೆ ಮಾಡ್ಬೇಕಾ? ಮೇಡಂ ನಕ್ಕಿದ್ದಕ್ಕೆ ಫೋನು ಅಲ್ಲಾಡಿತು. ಹತ್ತು ಹೆಜ್ಜೆ. ಕಲ್ಲುಕಂಬಕ್ಕೆ ಒರಗಿ ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತೇನೆ. ಲೇ ಕೆಂಚ, ಕುಂತ್ಕಳ್ಳೋ, ಅದ್ಯಾಕ್ ಅಂಗ್ ನೋಡ್ತೀಯ. ಕೂತಿತು. ತಿರುಗಿ ನನ್ನನ್ನು ನೋಡಿತು. ಒಂದು. ನನ್ನ ಮುಖವನ್ನು ಆಕಾಶಕ್ಕೆ ಎತ್ತಿದೆ, ನೋಡಬೇಡ, ನೋಡು. ಕರುವಿನ ಪಕ್ಕದಲ್ಲಿ ನಡೆಸಿಕೊಂಡು ಹೋದರು, ಎಷ್ಟ್ ದಪ್ಪ ಆಗಿದ್ದೀಯ, ಸಿಟಿ ಊಟ, ಎಂದು ಬೈಯುತ್ತ. ಎರಡು. ಇರು ಎಂದು ಹೇಳಲು ಅವರಿಗೆ ಮರೆತುಹೋಗಿ, ಅಲ್ಲೇ ಬಿದ್ದಿರು, ಸೊಪ್ಪು ಕಟ್ಟಿ ಬತ್ತೀನಿ ಅಂದರು, ಅದು ಮಲಗಿತು, ತಲೆಯೆತ್ತಿ ಹುಡುಕಿತು, ಸಿಕ್ಕೆ, ಮೂರು — ಇನ್ನೊಂದು ಸಲವಾದರೆ ಎಲ್ಲ ಹೋಯಿತು, ನಾಲ್ಕೇ ನಿಮಿಷ ಆಗಿದೆ, ಉಸಿರು ಬಿಗಿಹಿಡಿಯುತ್ತೇನೆ, ಗಾಳಿ ನನ್ನ ಕಡೆಯಿಂದ ಅದರ ಕಡೆಗೆ ಬೀಸುತ್ತಿದೆ, ವಾಸನೆಗೆ ತಿರುಗುತ್ತದೆ, ತಿರುಗಲಿ, ತಿರುಗದಿರಲಿ, ಆಗ ಕೊಟ್ಟಿಗೆಯೊಳಗಿಂದ ಗೌರಮ್ಮ ಸೊಂಟ ಹಿಡಿದುಕೊಂಡು ಹೊರಬಂದರು, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತರು, ಅಷ್ಟೇ, ಕೆಂಚನ ಬಾಲ ಮಣ್ಣನ್ನು ಗುಡಿಸಿತು, ಕಿವಿ ಅತ್ತ ತಿರುಗಿದವು, ಇತ್ತ ನನಗೆ ಕಿವಿಗಳ ಹಿಂಭಾಗ. ಐದು ನಿಮಿಷ. ಕಿವಿಗಳ ಹಿಂಭಾಗದ ಕೂದಲು ತೆಳುವಾಗಿದೆ, ಬೆಳಕು ಒಳಗಿಂದ ಬರುತ್ತದೆ, ಎಂಟು ತಿಂಗಳು ನಾನು ಅದರ ಕಣ್ಣುಗಳನ್ನೇ ನೋಡಿದ್ದೆ, ಇದನ್ನು ನೋಡಿಯೇ ಇರಲಿಲ್ಲ. ಏಳು. ದೊಡ್ಡಮುನಿಯಪ್ಪ ನಾಚಿಕೊಂಡು ಎರಡು ಚಪ್ಪಾಳೆ ತಟ್ಟಿದರು, ಅದು ಎದ್ದು ಗೌರಮ್ಮನ ಮಡಿಲಿಗೆ ಗದ್ದ ಇಟ್ಟಿತು, ಬಂದ್ಯೇನಪ್ಪ, ಅಂದರು ಆಕೆ, ಮನೆಗೆ ಬಂದ ಮಗನಿಗೆ ಅನ್ನುವಷ್ಟು ಮೆಲ್ಲಗೆ. ಒಂಬತ್ತು. ಕಣ್ಣು ಉರಿಯುತ್ತಿದೆ, ಹದಿಮೂರು ದಿನ ಬಾರದ್ದು ಈಗ ಬರುತ್ತಿದೆ, ಬೆಚ್ಚಗೆ, ಸದ್ದಿಲ್ಲದೆ, ದುಃಖ ಅಲ್ಲ ಇದು, ಬಿಗಿದ ಮೈ ಬಿಟ್ಟುಕೊಂಡ ಹಾಗೆ, ಹತ್ತು ಎಂದು ಮೇಡಂ ಬೆರಳು ಎತ್ತಿದರು, ಹೆಬ್ಬೆರಳೂ ಎತ್ತಿದರು, ಹಗ್ಗ ಅವರ ಕೈಯಲ್ಲೇ ಇರಲಿ ಎಂದೆನೇ, ಎಂದುಕೊಂಡೆನೇ, ಯಾರಿಗೂ ನಾನಿನ್ನು ಹಿಂದಕ್ಕೆ ಕೊಡಬೇಕಾದ್ದು ಏನೂ ಇಲ್ಲ, ಹೋಗಬಹುದು, ಹೊರಡಬಹುದು, ಇನ್ನೊಂದು ಕ್ಷಣ, ಬಿಸಿಲು, ಹರಿದ ತುದಿಯ ಎಡಗಿವಿ, ಒಳಗಿಂದ ಕೆಂಪಾಗಿ, ನನ್ನ ಕಡೆ ತಿರುಗದ ಆ ಕಿವಿ