ಚೆನ್ನಾಗಿ ಬಿದ್ದವಳು

ಬಿಂದು ಅಜ್ಜಿ ಓಬವ್ವನ ಸೊಂಟದ ಕೆಳಗಿನ ಒದ್ದೆ ಬಟ್ಟೆಯನ್ನು ಮೆಲ್ಲಗೆ ಎಳೆದು, ಒಣಗಿದ್ದನ್ನು ಹಾಸಿದಳು. ಓಬವ್ವ ಹಲ್ಲು ಕಚ್ಚಿ ಮಗ್ಗುಲಾದಳು.

ಗೋಡೆಯ ಮೇಲಿನ ವೈಫೈ ಡಬ್ಬಿಯ ಕೆಳಗೆ ಮಾಲತೇಶ್ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ದಾವಣಗೆರೆಯ ಕಾಲೇಜೊಂದರಲ್ಲಿ ಅವನ ಸಂಶೋಧನೆ. ಮನೆಯೊಳಗೆ ಯಾರಾದರೂ ನಡೆದರೆ, ಕೂತರೆ, ಬಿದ್ದರೆ ವೈಫೈ ಅಲೆ ಕದಲುತ್ತದೆ. ಆ ಕದಲಿಕೆಯನ್ನು ಕಂಪ್ಯೂಟರ್ ಗುರುತಿಸಿ ಫೋನಿಗೆ ತಿಳಿಸುತ್ತದೆ. ಕ್ಯಾಮೆರಾ ಬೇಕಿಲ್ಲ. ಅದಕ್ಕೆ ಕಲಿಸಲೆಂದು ಕಾಲೇಜಿನ ಕೋಣೆಯಲ್ಲಿ ದಿನಗಟ್ಟಲೆ ನಡೆದು, ಕೂತು, ಬಿದ್ದವಳು ಬಿಂದು.

ಕಳೆದ ವಾರ ಅವಳು ಹರಿಹರಕ್ಕೆ ಗೆಳತಿಯ ಸೀಮಂತಕ್ಕೆ ಹೋಗಿದ್ದಾಗ, ನಿಟ್ಟುವಳ್ಳಿಯ ಈ ಮನೆಯಲ್ಲಿ ಓಬವ್ವ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಳು. ಬಿಂದುವಿನ ಫೋನು ‘ಮಲಗಿದ್ದಾರೆ’ ಎಂದಿತು. ಅದನ್ನು ನೋಡಿ ಅವಳು ನಿಶ್ಚಿಂತೆಯಿಂದ ಇನ್ನೊಂದು ಸಲ ಪಾಯಸ ಹಾಕಿಸಿಕೊಂಡಳು. ಅಜ್ಜಿ ಸಂಜೆವರೆಗೂ ನೆಲದ ಮೇಲೇ ಇದ್ದಳು.

“ಅಜ್ಜಿ ಬಿದ್ದ ರೀತೀನೇ ಬ್ಯಾರೆ ಇರ್ಬೇಕು ನೋಡ್ರಿ,” ಎಂದ ಮಾಲತೇಶ್. “ಬೀಳೋದನ್ನ ಇದು ಚೆನ್ನಾಗೇ ಕಲ್ತೈತೆ.”

“ಬೀಳಾಕೂ ರೀತಿ ಐತೇನಪ್ಪ? ಮೊದ್ಲೇ ಹೇಳಿದ್ರೆ ನಾನೂ ಕಲ್ತು ಬೀಳ್ತಿದ್ದೆ,” ಎಂದಳು ಓಬವ್ವ.

ಅವನು ನಕ್ಕ. ಬಿಂದುವಿಗೆ ನಗು ಬರಲಿಲ್ಲ. ಕಾಲೇಜಿನ ಕೋಣೆಯಲ್ಲಿ ಅವನು ಬೀಳಿರಿ ಎಂದಾಗಲೆಲ್ಲ ಅವಳು ಮೊದಲು ದುಪಟ್ಟಾವನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಮೊಣಕಾಲೂರಿ, ಚೂಡಿದಾರದ ಅಂಚು ಸರಿಮಾಡಿಕೊಂಡು, ಅಲ್ಲಿ ಹಾಸಿದ್ದ ಹಾಸಿಗೆಗೆ ಒರಗುತ್ತಿದ್ದಳು. ಗಂಡಸಿನ ಮುಂದೆ ಕಾಲು ಚೆಲ್ಲಿ ಬೀಳುವುದು ಹೇಗೆ? ಹೆಣ್ಣುಮಗಳು ಬೀಳುವುದನ್ನು ನೋಡಬಾರದೆಂದು ಅವನೂ ಕಂಪ್ಯೂಟರಿನತ್ತಲೇ ಕಣ್ಣಿಟ್ಟು, “ಚೆನ್ನಾಗಿ ಬಿದ್ರಿ,” ಎನ್ನುತ್ತಿದ್ದ. ಏಳನೇ ತರಗತಿಗೇ ಶಾಲೆ ಬಿಟ್ಟವಳಿಗೆ ಆ ‘ಚೆನ್ನಾಗಿ’ ಹಿತವಾಗಿತ್ತು. ಅದು ಬೀಳುವುದಲ್ಲ, ಮಲಗುವುದೆಂದು ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

“ನಾಳೆ ಆನೆಕೊಂಡದಾಗ ಒಂದಿಷ್ಟು ಮನಿಗೆ ಇದನ್ನ ಹಾಕ್ತೀವಿ,” ಎನ್ನುತ್ತ ಮಾಲತೇಶ್ ಡಬ್ಬಿ ಆರಿಸಿ ವೈರು ಸುತ್ತತೊಡಗಿದ. “ಎಲ್ಲಾ ವಯಸ್ಸಾದೋರು. ಒಬ್ಬೊಬ್ರೇ ಇರ್ತಾರೆ.”

ಬಿಂದು ಒದ್ದೆ ಬಟ್ಟೆಯನ್ನು ಬಕೀಟಿಗೆ ಹಾಕಿದಳು. ದುಪಟ್ಟಾ ತೆಗೆದು ಗೂಟಕ್ಕೆ ಸಿಕ್ಕಿಸಿ, ಬಚ್ಚಲ ಬಾಗಿಲಿನ ಬರಿ ನೆಲದ ಮೇಲೆ ಹೋಗಿ ನಿಂತಳು. ಅಜ್ಜಿ ತಲೆ ಎತ್ತಿ ನೋಡಿದಳು.

“ಸರ್, ಅದನ್ನ ಚಾಲೂ ಮಾಡ್ರಿ. ಹಾಸಿಗೆ ಇಲ್ದಂಗೆ ಬೀಳ್ತೀನಿ,” ಎಂದಳು ಬಿಂದು. “ಈ ಸಲ ಕಂಪ್ಯೂಟರ್ ಬ್ಯಾಡ, ನನ್ನ ನೋಡ್ರಿ.”

ವೈರು ಅವನ ಕೈಯಲ್ಲಿ ಅರ್ಧ ಸುತ್ತಿದಂತೆಯೇ ಉಳಿಯಿತು.