ಸಂತೆಯ ದಿನದ ಊಟ

ಒಳಗೆ ಬಾಣಲೆಯಲ್ಲಿ ಏನೋ ಚುಂಯ್ ಎಂದಿತು, ಅದರ ಹಿಂದೆಯೇ ಆ ವಾಸನೆ, ಹುಣಸೆಹುಳಿ, ಬೆಳ್ಳುಳ್ಳಿ, ಅವೆರಡರ ಅಡಿಯಲ್ಲಿ ಕೆರೆಯ ಹಸಿ ಕೆಸರು — ಮಲ್ಲಿಕಾಂಬ ಸೆರಗನ್ನು ಮೂಗಿಗೆ ಹಿಡಿದಳು, ಹಿಡಿದವಳೇ ಬಿಟ್ಟಳು, ಮೀನಿನ ಹೋಟೆಲಿಗೆ ತಾನಾಗಿ ಬಂದು ಕೂತು ಮೂಗು ಮುಚ್ಚಿಕೊಂಡರೆ ನೋಡಿದವರು ಏನಂದುಕೊಂಡಾರು, ನೋಡುವವರಾದರೂ ಯಾರು, ಎದುರು ಬೆಂಚಿನಲ್ಲಿ ಮುದ್ದೆ ಮುರಿಯುತ್ತಿರುವ ಲಾರಿಯವರು, ಅವರಿಗೆ ಇವಳ ಗೊಡವೆಯೇ ಇಲ್ಲ, ಆದರೆ ಬಸ್ಸಿನಲ್ಲಿ ಪಕ್ಕದ ಮನೆಯ ತೀರ್ಥಮ್ಮ ಸಿಕ್ಕಿದ್ದಳಲ್ಲ, ತರೀಕೆರೇಲಿ ಏನ್ರೀ ಕೆಲ್ಸ ಅಂತ ಕೇಳಿದ್ದಳಲ್ಲ, ಕಣ್ಣು ತೋರಿಸಬೇಕು ಅಂದು ಬಾಯಿ ಮುಚ್ಚಿಸಿದ್ದಾಯಿತು, ಅವಳೇನಾದರೂ ಈ ಬಾಗಿಲಲ್ಲಿ ಇಣುಕಿದರೆ ಸಂಜೆಯೊಳಗೆ ಅಜ್ಜಂಪುರದ ಬೀದಿಬೀದಿಗೂ ಟಾಂ ಟಾಂ, ಲಿಂಗವಂತರ ಹೆಂಗಸು, ಗಂಡ ಹೋಗಿ ಇನ್ನೂ ವರ್ಷ ತುಂಬಿಲ್ಲ, ಮೀನಿನ ಹೋಟೆಲಿನಲ್ಲಿ ಕೂತಿದ್ದಳಂತೆ. ಹಣೆಯ ವಿಭೂತಿಯನ್ನಾದರೂ ಒರೆಸಿಕೊಂಡು ಬರಬೇಕಿತ್ತು, ಅದೂ ಹೊಳೆಯಲಿಲ್ಲ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಊಟ ಕೊಡಿ ಅಂದುಬಿಟ್ಟಿದ್ದಳು. ಊಟ ಅಂದರೆ ಅವಳಿಗೆ ಗೊತ್ತಿದ್ದದ್ದು ಅನ್ನ, ಸಾರು, ಪಲ್ಯ, ಮೀನು ಬೇಕಾದವರು ಬೇರೆಯಾಗಿ ಕೇಳಬೇಕೇನೋ ಎಂದು ನಂಬಿದ್ದಳು, ಇಲ್ಲಿ ಊಟ ಅಂದರೆ ಅದೇ, ತಟ್ಟೆ ಬಂತು, ಅನ್ನದ ಮೇಲೆಲ್ಲ ಕೆಂಪು ಸಾರು ಸುರಿದು, ನಡುವೆ ದಪ್ಪನೆಯ ತುಂಡು, ಸಿಪ್ಪೆ ಇನ್ನೂ ಹೊಳೆಯುತ್ತಿದೆ, ಡ್ಯಾಮಿನ ಮೀನು ಕಣವ್ವ, ಬೆಳಿಗ್ಗೆ ಲಕ್ಕವಳ್ಳಿಯಿಂದ ಬಂದಿದ್ದು, ಬಿಸೀಲೇ ತಿನ್ನು ಅಂದು ಹೋದಳು ಹೋಟೆಲಿನ ಯಜಮಾನಿ ಹುಲಿಯಮ್ಮ, ನೆರೆತ ಕೂದಲು, ಮೊಣಕೈವರೆಗೆ ಹಚ್ಚೆ, ಗಂಡಸಿನಂಥ ಗಂಟಲು.

ಇದನ್ನೇನಾ ಅವರು ತಿನ್ನುತ್ತಿದ್ದದ್ದು, ಪ್ರತಿ ಸಂತೆಗೂ, ಈರುಳ್ಳಿ ಮೂಟೆ ಇಳಿಸಿ ಕೈಕಾಲು ತೊಳೆದು ಬಂದು, ಈ ಬೆಂಚಿನಲ್ಲೋ ಆ ಬೆಂಚಿನಲ್ಲೋ ಕೂತು, ಮನೆಯಲ್ಲಿ ಹುರುಳಿಕಟ್ಟಿನ ಸಾರಿಗೆ ಬೆಳ್ಳುಳ್ಳಿ ಜಾಸ್ತಿಯಾದರೆ ಮುಖ ಸಿಂಡರಿಸುತ್ತಿದ್ದ ಬಸವರಾಜಪ್ಪನವರು, ಅಯ್ಯೋ ಮಹಾರಾಯ, ಏನು ನಾಟಕ ನಿಮ್ಮದು — ಎಂಬತ್ತೊಂದರ ಬೇಸಿಗೆ, ಸಂತೆಯಿಂದ ಬಂದವರೇ ಬಚ್ಚಲಿಗೆ ಹೋದರು, ಬೆನ್ನಿಗೆ ನೀರು ಹಾಕು ಬಾರೇ, ಚೊಂಬು ಎತ್ತಿದವಳು ಹಾಗೇ ನಿಂತಳು, ಎದೆ ಬರಿದು, ಶಿವದಾರವಿಲ್ಲ, ಕರಡಿಗೆಯಿಲ್ಲ, ಮದುವೆಯಾದಾಗಿನಿಂದ ಆ ಎದೆಯನ್ನು ಲಿಂಗವಿಲ್ಲದೆ ಅವಳು ಕಂಡವಳಲ್ಲ, ಬೇರೆ ಯಾರದೋ ಎದೆಯ ಹಾಗಿತ್ತು, ರೀ ಲಿಂಗ ಎಲ್ರೀ, ಅವರ ಕೈ ಕೊರಳಿಗೆ ಹೋಗಿ ಅಲ್ಲೇ ನಿಂತಿತು, ಮುಖ ಬಿಳಿಚಿತು, ಮಂಡೀಲಿ ಬಿಟ್ಟೆ ಕಣೇ, ಸೆಕೆ ಅಂತ ತೆಗ್ದಿದ್ದೆ, ಅಷ್ಟೇ, ಒದ್ದೆ ಮೈಮೇಲೆ ಅಂಗಿ ಎಳೆದುಕೊಂಡು ಬಸ್ಸಿಗೆ ಓಡಿದರು. ಕೊರಳಲ್ಲಿ ಲಿಂಗವಿಲ್ಲದೆ ಒಂದು ಗುಟುಕು ನೀರೂ ಇಳಿಸುವಂತಿಲ್ಲ, ಅವರು ಕುಡಿಯದೆ ಓಡಾಡುತ್ತಿರುವಾಗ ತಾನು ಹೇಗೆ ಕುಡಿಯುವುದು, ಅವಳೂ ಕುಡಿಯದೆ ಕೂತಳು, ರೇಡಿಯೋದಲ್ಲಿ ಭದ್ರಾವತಿ ಕೇಂದ್ರದವರು ಗೊಬ್ಬರದ ವಿಷಯ ಮಾತಾಡಿ ಮುಗಿಸಿದರು, ದೀಪ ಹಚ್ಚುವ ಹೊತ್ತಿಗೆ ಬಂದರು, ಕೊರಳಲ್ಲಿ ಕರಡಿಗೆ, ಸಿಗ್ತು ಕಣೇ ಅಂದರು, ಸದ್ಯ ಅಂದಳು. ಮರುದಿನ ಶಿವದಾರ ತೊಳೆಯಲು ತೆಗೆದುಕೊಂಡರೆ ಅದರಲ್ಲಿ ಇದೇ ವಾಸನೆ, ಇದೇ ಕೆಸರು. ಕೇಳಲಿಲ್ಲ. ಯಾಕೆ ಕೇಳಲಿಲ್ಲ, ಅವರೇ ಹೇಳಲಿ ಅಂತ, ಗಂಡ ಹೆಂಡತಿ ಅಂದಮೇಲೆ ಒಂದಲ್ಲ ಒಂದು ದಿನ ಬಾಯಿ ಬಿಡುತ್ತಾರೆ ಅಂತ, ಎರಡು ಬೈಗುಳ ಬೈದು ಆಮೇಲೆ ನಕ್ಕುಬಿಡಬೇಕು ಅಂತ ಬೈಗುಳವನ್ನೂ ಯೋಚಿಸಿಟ್ಟಿದ್ದಳು, ಪ್ರತಿ ಸಂತೆಯ ಸಂಜೆಯೂ ಅವರ ಮುಖ ನೋಡುವುದು, ಇವತ್ತು ಹೇಳುತ್ತಾರೆ, ಇವತ್ತು ಹೇಳುತ್ತಾರೆ, ಅವರು ಏಲಕ್ಕಿ ಜಗಿಯುತ್ತಾ ಈರುಳ್ಳಿ ಧಾರಣೆ ಹೇಳುವುದು. ಹಾಗೇ ಹೋಗಿಬಿಟ್ಟರು. ಅಂಗೈಯಲ್ಲಿ ಅದೇ ಲಿಂಗವನ್ನಿಟ್ಟು ಮಣ್ಣು ಮಾಡಿದರು. ಮಾತಾಡಿಸಲು ಬಂದಿದ್ದ ಹಮಾಲಿ ಗಿರಿಯಪ್ಪ ಜಗಲಿಯಲ್ಲಿ ಅಳುತ್ತಾ ಅಳುತ್ತಾ, ನಮ್ ಜೊತೇಲೇ ಹುಲಿಯಮ್ಮನ ಹೋಟ್ಲಿಗೆ ಬತ್ತಿದ್ರು ಕಣವ್ವ, ದೊಡ್ಡೋರು ಅನ್ನೋ ಜಂಬ ಇರ್ಲಿಲ್ಲ ಅಂದು ನಾಲಗೆ ಕಚ್ಚಿಕೊಂಡ. ತಿಂದದ್ದಕ್ಕಲ್ಲ ಅವಳ ಸಿಟ್ಟು, ತಿನ್ನಲಿ, ಯಾರು ಬೇಡ ಅಂದವರು, ತನ್ನನ್ನು ಹೊರಗೆ ನಿಲ್ಲಿಸಿ ತಿಂದರಲ್ಲ. ಇಷ್ಟು ವರ್ಷ ಬಡಿಸಿದ ಕೈಗೆ ಗೊತ್ತಿಲ್ಲದ ಒಂದು ಊಟ ಅವರಿಗಿತ್ತು, ಅದರ ಒಂದು ತುತ್ತು ಬೇಕು, ಒಂದೇ ತುತ್ತು, ಅದಕ್ಕೇ ಬಂದಿದ್ದಾಳೆ, ಈಗ ಬೆರಳು ತಟ್ಟೆಯ ಅಂಚು ದಾಟುವುದಿಲ್ಲ, ಸೆರಗಿನೊಳಗೆ ಎದೆಯ ಮೇಲೆ ತನ್ನ ಕರಡಿಗೆ ಬೆಚ್ಚಗೆ ಕೂತಿದೆ, ಅದನ್ನು ಕಟ್ಟಿಕೊಂಡು ತಿನ್ನುವುದು ಹೇಗೆ, ತೆಗೆದು ಇಡುವುದು ಎಲ್ಲಿ.

ಯಾಕವ್ವ, ತಣ್ಣಗಾಗ್ತೈತೆ — ಹುಲಿಯಮ್ಮ ಬಂದು ನಿಂತಿದ್ದಾಳೆ, ಹಣೆ ನೋಡಿದಳು, ಕೊರಳಿನ ದಾರ ನೋಡಿದಳು, ತಟ್ಟೆ ನೋಡಿದಳು, ಅಯ್ಯೋ ಶಿವನೇ, ನೀವು ತಿನ್ನೋರಲ್ಲ, ಯಾಕ್ ಬಂದ್ರಿ ಇಲ್ಲಿಗೆ. ಮಲ್ಲಿಕಾಂಬಳಿಗೆ ಸುಳ್ಳು ಹೊಳೆಯಲಿಲ್ಲ, ಅಜ್ಜಂಪುರದ ಈರುಳ್ಳಿ ಬಸವರಾಜಪ್ಪನವರ ಮನೆಯವಳು ನಾನು ಅಂದಳು, ಹುಲಿಯಮ್ಮ ಪಕ್ಕದ ಬೆಂಚಿನಲ್ಲಿ ಧೊಪ್ಪನೆ ಕೂತಳು, ಲಾರಿಯವರು ತಿರುಗಿ ನೋಡಿದರು, ಡ್ಯಾಮು ಕಟ್ಟುವಾಗಿನಿಂದ ಪರಿಚಯವಂತೆ, ಆಗ ಕೂಲಿಯವರಿಗೆ ಬೇಯಿಸಿ ಹಾಕುತ್ತಿದ್ದಳಂತೆ ಹುಲಿಯಮ್ಮ, ಅವರು ಅಲ್ಲಿ ಮೇಸ್ತ್ರಿಯಂತೆ, ಅಲ್ಲೇ ಹತ್ತಿದ ರುಚಿಯಂತೆ, ಮದುವೆಗೂ ಹಿಂದಿನ ಮಾತು, ಆಗಿನ ಅವರು ಹೇಗಿದ್ದರೋ, ಮೀಸೆ ಬಿಟ್ಟಿದ್ದರೋ ಇಲ್ಲವೋ, ಈ ಹೆಂಗಸು ನೋಡಿದ್ದಾಳೆ, ತಾನು ನೋಡಿಲ್ಲ, ಹೊಟ್ಟೆಕಿಚ್ಚಾಯಿತು. ಹುಲಿಯಮ್ಮ ಬೀದಿ ಕಡೆಯ ಗೋಡೆ ತೋರಿಸುತ್ತಿದ್ದಾಳೆ, ಅಡುಗೆಮನೆಯಿಂದ ದೂರ, ಶಿವನ ಪಟದ ಪಕ್ಕ, ಅಲ್ನೋಡ್ರವ್ವ, ಬಂದ ತಕ್ಷಣ ಲಿಂಗ ತೆಗ್ದು ಅಲ್ಲಿ ತಗುಲಿಸಿ ಕೈ ಮುಗಿಯೋರು, ಆಮೇಲೇ ಊಟ, ಆ ಮೊಳೆಗೆ ಬೇರೆ ಯಾರ ಟವೆಲ್ಲೂ ಮುಟ್ಟಾಕ್ ಬಿಟ್ಟಿಲ್ಲ ನಾನು. ಮೊಳೆ, ದಾರ ಉಜ್ಜಿ ಉಜ್ಜಿ ನುಣುಪಾಗಿ ಮಿನುಗುತ್ತಿದೆ, ಅವರ ಕೈ ಅಲ್ಲಿಗೆ ಏಳುತ್ತಿತ್ತು, ಎಷ್ಟು ಸಂತೆ, ಮಲ್ಲಿಕಾಂಬ ಎದ್ದು ಹೋಗಿ ಮುಟ್ಟಬೇಕು ಅಂದುಕೊಂಡಳು, ಎದ್ದಳು, ಹೋದಳು, ಎಟುಕಲಿಲ್ಲ, ಎತ್ತರದ ಆಳು ಅವರು, ಅವರು ಇಟ್ಟದ್ದು ಯಾವುದು ತಾನೇ ಅವಳಿಗೆ ಎಟುಕಿತ್ತು. ಹಿಂದಿನಿಂದ ಹುಲಿಯಮ್ಮ, ಆ ಗಂಟಲು ಈಗ ತಗ್ಗಿದೆ, ಅದು ಅವ್ರುದು ಕಣವ್ವ, ನಿಮ್ದು ಕೆಳಗಿರೋದು, ಎಲ್ಡೂ ಅವ್ರೇ ಹೊಡ್ದಿದ್ದು, ಹೊಡ್ದು ಏನನ್ನೋರು ಗೊತ್ತಾ, ಮುಂದಿನ್ ಸಂತೇಗೆ ಅವಳ್ನೂ ಕರ್ಕಂಡ್ ಬತ್ತೀನಿ ಹುಲಿಯಮ್ಮ, ತಿಂದ್ರೂ ತಿನ್ಬೋದು, ತಿನ್ದಿದ್ರೂ ಎದ್ರಿಗೆ ಕೂತಿರ್ಲಿ, ಒಬ್ನೇ ತಿಂದ್ರೆ ಗಂಟ್ಲಲ್ಲಿ ಇಳಿಯಲ್ಲ ಅನ್ನೋರು, ಪ್ರತಿ ಸಂತೇಲೂ ಕೇಳ್ತಿದ್ದೆ, ಎಲ್ರೀ ನಿಮ್ಮನೆಯೋರು ಅಂತ, ಅವಳಿಗೆ ಹೇಳಾಕೆ ಬಾಯಿ ಬರ್ಲಿಲ್ಲ ಕಣೇ, ಮುಂದಿನ್ ಸಂತೇಗೆ ಅನ್ನೋರು. ಮುಂದಿನ ಸಂತೆಗೆ, ಬರುತ್ತಿದ್ದೆನಲ್ಲ, ದಾರಿಯುದ್ದಕ್ಕೂ ಬೈಯುತ್ತಾ ಬರುತ್ತಿದ್ದೆ, ಮೂಗು ಮುಚ್ಚಿಕೊಂಡು ಎದುರಿಗೆ ಕೂರುತ್ತಿದ್ದೆ, ಕರೆಯಬಾರದಾಗಿತ್ತೇ ರೀ, ಒಂದು ಮಾತು, ಅವರು ಮುಂದಿನ ಸಂತೆ ಕಾದರು, ಅವಳು ಅವರ ಬಾಯಿ ಕಾದಳು, ಕೈ ತಾನಾಗಿ ತನ್ನ ಕೊರಳಿನ ದಾರಕ್ಕೆ ಹೋಗಿದೆ, ಹಿಂದೆ ಲಾರಿಯವರು ಕೈ ತೊಳೆಯುವ ಸದ್ದು, ಕಣ್ಣು ಎಲ್ಲಿಗೂ ತಿರುಗುವುದಿಲ್ಲ, ಮಿನುಗುವ ಮೊಳೆಯ ಕೆಳಗೆ ಇನ್ನೊಂದು ಮೊಳೆ, ಏನನ್ನೂ ತಗುಲಿಸದೆ ತುಕ್ಕು ಹಿಡಿದದ್ದು, ಸರಿಯಾಗಿ ಅವಳ ಕೈಗೆ ಎಟುಕುವ ಎತ್ತರದಲ್ಲಿ.